ನಿನಗೇನನ್ನಿಸಿತೋ ಅದನ್ನೇ ಹೇಳು

ಮಗಾ,

ಏಪ್ರಿಲ್ ಹತ್ತರ ಹೊತ್ತಿಗೆ ಮಕ್ಕಳ ಫಲಿತಾಂಶ ಬಂದು ರಜೆ ಶುರುವಾಯಿತೆಂದರೆ ನಿನ್ನ ಫೋನು ಬಂದೇ ಬರುತ್ತದೆ. ‘ದೊಡ್ಡಮ್ಮ, ಯಾವ ಸಿನಿಮಾಗೆ ಕರ್ಕೊಂಡು ಹೋಗ್ಲಿ?’ ಕೇಳುವವನೂ ನೀನೇ, ಉತ್ತರ ಕೊಡುವವನೂ ನೀನೇ. ಇದು ಮೊದಲ ದಿನವೇ ಇಷ್ಟು ಕೋಟಿ ಮಾಡಿದೆಯಂತೆ, ಅದಕ್ಕೆ ಇಷ್ಟು ಸ್ಟಾರ್ ಕೊಟ್ಟಿದ್ದಾರಂತೆ, ಇನ್ನೊಂದನ್ನು ಯೂಟ್ಯೂಬಿನವರು ಯಾರೋ ಬೈದಿದ್ದಾರಂತೆ. ನೋಡಿ ಬಂದ ಮೇಲೆ ಹೇಗಿತ್ತಪ್ಪ ಎಂದು ಕೇಳಿದರೆ, ‘ನಮಗೇನು ತಿಳಿಯತ್ತೆ ದೊಡ್ಡಮ್ಮ, ವರ್ಷಕ್ಕೆ ನಾಲ್ಕು ಸಿನಿಮಾ ನೋಡೋರು’ ಎಂದು ಮಾತು ಮುಗಿಸುತ್ತೀಯ.

ಈ ಮಾತು ನನಗೆ ಹಿಡಿಸುವುದಿಲ್ಲ. ವರ್ಷಕ್ಕೆ ನಾಲ್ಕೇ ನೋಡುವವನು ಆ ನಾಲ್ಕನ್ನು ಯೋಚಿಸಿ ಆರಿಸಬೇಕು, ನೋಡಿದ ಮೇಲೆ ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳಬೇಕು. ಸಿನಿಮಾ ಉಳಿಯುವುದು, ಮುಳುಗುವುದು ನಿನ್ನಂಥವರಿಂದಲೇ. ಅಭಿಮಾನಿಗಳು ಮೊದಲ ದಿನ ಹಾಲಿನ ಅಭಿಷೇಕ ಮಾಡಿ ಹೋಗುತ್ತಾರೆ, ಎರಡನೆಯ ವಾರ ಸೀಟು ತುಂಬಿಸುವವರು ಹೆಂಡತಿ ಮಕ್ಕಳ ಜೊತೆ ಬರುವ ನೀವು. 2025ರ ಜುಲೈ 25ಕ್ಕೆ ‘ಸು ಫ್ರಮ್ ಸೋ’ ಬಂತಲ್ಲ, ಜೆ.ಪಿ. ತುಮಿನಾಡು ನಿರ್ದೇಶಿಸಿದ ಕರಾವಳಿ ಊರಿನ ಕಥೆ, ಅದನ್ನು ನೆನಪಿಸಿಕೋ. ದೊಡ್ಡ ಸ್ಟಾರ್ ಹೆಸರಿನ ಮೇಲೆ ನಿಂತ ಚಿತ್ರವಲ್ಲ ಅದು. ಬಿಡುಗಡೆಗೆ ಮುಂಚೆ ಕೆಲವು ಊರುಗಳಲ್ಲಿ ಪ್ರೀಮಿಯರ್ ಷೋ ಇಟ್ಟರು. ನೋಡಿದವರು ಮನೆಗೆ ಹೋಗಿ ಹೇಳಿದರು, ಆಫೀಸಿನಲ್ಲಿ ಹೇಳಿದರು, ಷೋಗಳು ಏರುತ್ತಾ ಹೋದವು. ಹಾಗೆ ಹೇಳಿದವರಲ್ಲಿ ವಿಮರ್ಶಕರು ಎಷ್ಟು ಜನ ಇದ್ದಾರು? ಎಲ್ಲರೂ ನಿನ್ನ ಹಾಗೆ ವರ್ಷಕ್ಕೆ ನಾಲ್ಕು ಸಿನಿಮಾ ನೋಡುವವರೇ. ಆದ್ದರಿಂದ ಕೋಟಿಯ ಲೆಕ್ಕವನ್ನು ನಿರ್ಮಾಪಕರಿಗೆ ಬಿಡು. ಆ ದುಡ್ಡಿನಲ್ಲಿ ನಿನಗೊಂದು ಕಾಸೂ ಬರುವುದಿಲ್ಲ. ಎರಡೂವರೆ ಗಂಟೆ ಕತ್ತಲಲ್ಲಿ ಕೂತು ನಿನಗೇನಾಯಿತು, ಮಕ್ಕಳಿಗೇನಾಯಿತು ಎನ್ನುವುದೊಂದೇ ನಿನ್ನ ಲೆಕ್ಕ.

ಮೊದಲು ಬೇಸಿಗೆಯ ವಿಷಯ. ದೊಡ್ಡ ಸಿನಿಮಾಗಳೆಲ್ಲ ಈ ಎರಡು ತಿಂಗಳಲ್ಲೇ ಬಂದು ಬೀಳುತ್ತವೆ ಎಂದು ನೀನು ತಿಳಿದಿದ್ದೀಯ. ಅದು ಪೂರ್ತಿ ನಿಜವಲ್ಲ. ‘ಬೇಸಿಗೆ ಸಿನಿಮಾ’ ಎನ್ನುವ ವ್ಯಾಪಾರ ಹುಟ್ಟಿದ್ದು ಅಮೆರಿಕದಲ್ಲಿ. ಸ್ಟೀವನ್ ಸ್ಪಿಲ್‌ಬರ್ಗ್‌ರ ‘ಜಾಸ್’ 1975ರ ಜೂನ್ 20ರಂದು, ಟಿವಿ ತುಂಬ ಜಾಹೀರಾತು ಕೊಟ್ಟು, ಒಂದೇ ದಿನ ನಾನೂರಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ತೆರೆ ಕಂಡಿತು. ಅಲ್ಲಿಂದ ಮುಂದೆ ಹಾಲಿವುಡ್‌ನವರು ಮೇ, ಜೂನ್, ಜುಲೈ ತಿಂಗಳುಗಳನ್ನು ಹೊಡೆದಾಟದ ಚಿತ್ರಗಳಿಗೂ ಮಕ್ಕಳ ಚಿತ್ರಗಳಿಗೂ ಮೀಸಲಿಟ್ಟರು. ಅವರ ಶಾಲೆಗಳಿಗೆ ರಜೆ ಬೀಳುವುದೇ ಆಗ. ನಮ್ಮಲ್ಲಿ ಮೇ ಕೊನೆಗೆ ಶಾಲೆ ಬಾಗಿಲು ತೆಗೆದಿರುತ್ತದೆ. ‘ಇನ್‌ಸೈಡ್ ಔಟ್ 2’ 2024ರ ಜೂನ್‌ನಲ್ಲಿ ಬಂದಾಗ ನಿನ್ನ ಮಗಳು ಪುಸ್ತಕಗಳಿಗೆ ಬೈಂಡು ಹಾಕಿಸಿಕೊಳ್ಳುತ್ತಿದ್ದಳು. ನಮ್ಮ ರಜೆಗೆ ಹೊಂದಿ ಬಂದದ್ದು ‘ದಿ ಜಂಗಲ್ ಬುಕ್’. 2016ರ ಏಪ್ರಿಲ್ 8ಕ್ಕೆ ಇಲ್ಲಿ ಬಂತು, ಅಮೆರಿಕಕ್ಕಿಂತ ಒಂದು ವಾರ ಮುಂಚೆ. ಮೋಗ್ಲಿ ನಮ್ಮ ಕಾಡಿನ ಹುಡುಗನಲ್ಲವೇ, ಆ ಗೌರವ ಸಲ್ಲಬೇಕಾದದ್ದೇ.

ನಮ್ಮವರ ಲೆಕ್ಕ ಬೇರೆ. ಮಾರ್ಚಿನಲ್ಲಿ ಪರೀಕ್ಷೆ. 2008ರಿಂದ ಈಚೆಗೆ ಸಂಜೆಯಾದರೆ ಐಪಿಎಲ್. ಇವೆರಡಕ್ಕೂ ಹೆದರಿ ಎಷ್ಟೋ ನಿರ್ಮಾಪಕರು ಚಿತ್ರವನ್ನು ಮುಂದಕ್ಕೆ ಹಾಕುತ್ತಾರೆ. ಹೆದರದೆ ಬಂದವರು ಗೆದ್ದದ್ದೂ ಉಂಟು. ‘ಬಾಹುಬಲಿ 2’ 2017ರ ಏಪ್ರಿಲ್ 28ಕ್ಕೆ ಬಂತು, ‘ಅವೆಂಜರ್ಸ್: ಎಂಡ್‌ಗೇಮ್’ 2019ರ ಏಪ್ರಿಲ್ 26ಕ್ಕೆ, ‘ಕೆಜಿಎಫ್ ಚಾಪ್ಟರ್ 2’ 2022ರ ಏಪ್ರಿಲ್ 14ಕ್ಕೆ. ಮೂರೂ ಹೊಡೆದಾಟದವೇ. ರಜೆ ಮಕ್ಕಳದು, ಆ ರಜೆಯಲ್ಲಿ ಪರದೆ ಸಿಗುವುದು ದೊಡ್ಡವರ ಸಿನಿಮಾಕ್ಕೆ. ಇದು ನನ್ನನ್ನು ನಿಜವಾಗಿಯೂ ಕಾಡುವ ಸಂಗತಿ. ಒಳ್ಳೆಯ ಮಕ್ಕಳ ಚಿತ್ರ ಬೇಕೆಂದರೆ ನೀನು ರಜೆಯನ್ನು ಕಾಯಬೇಡ. ‘ಸರ್ಕಾರಿ ಹಿ.ಪ್ರಾ. ಶಾಲೆ, ಕಾಸರಗೋಡು’ ಬಂದದ್ದು 2018ರ ಆಗಸ್ಟಿನಲ್ಲಿ. ಶಾಲೆ ನಡೆಯುತ್ತಿದ್ದಾಗಲೇ ಮೇಷ್ಟರುಗಳು ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ ತೋರಿಸಿದರು.

ಇನ್ನು ಸರ್ಟಿಫಿಕೇಟು. ಸಿನಿಮಾ ಶುರುವಾಗುವ ಮುಂಚೆ ಪರದೆಯ ಮೇಲೆ ಸೆನ್ಸಾರ್ ಮಂಡಳಿಯ ಪತ್ರ ಬರುತ್ತದಲ್ಲ, ಆಗ ನೀನು ಪಾಪ್‌ಕಾರ್ನ್ ಹಿಡಿದು ಸೀಟು ಹುಡುಕುತ್ತಿರುತ್ತೀಯ. ಅದನ್ನು ಟಿಕೆಟ್ ಕೊಳ್ಳುವ ಮುಂಚೆಯೇ ನೋಡಬೇಕು, ಬುಕ್ ಮಾಡುವ ಆಪ್‌ನಲ್ಲೇ ಇರುತ್ತದೆ. ಹಿಂದೆ ಯು, ಯುಎ, ಎ ಎಂದಷ್ಟೇ ಇತ್ತು. 2024ರ ಕೊನೆಯಿಂದ ಯುಎ ಅನ್ನೇ ಒಡೆದು ಯುಎ 7+, ಯುಎ 13+, ಯುಎ 16+ ಎಂದು ಮೂರು ಮಾಡಿದ್ದಾರೆ. ‘ಎ’ ಎಂದರೆ ಹದಿನೆಂಟರೊಳಗಿನವರನ್ನು ಒಳಗೆ ಬಿಡುವ ಹಾಗೇ ಇಲ್ಲ. ಯುಎ ಹಾಗಲ್ಲ, ಆ ವಯಸ್ಸಿಗಿಂತ ಚಿಕ್ಕ ಮಗುವನ್ನು ಕರೆತರುವುದೋ ಬೇಡವೋ ಎನ್ನುವುದನ್ನು ಹೆತ್ತವರ ವಿವೇಚನೆಗೆ ಬಿಟ್ಟಿದ್ದಾರೆ. ಎಂದರೆ ಬಾಗಿಲಲ್ಲಿ ಯಾರೂ ನಿನ್ನನ್ನು ತಡೆಯುವುದಿಲ್ಲ, ತಡೆದುಕೊಳ್ಳಬೇಕಾದವನು ನೀನು. ಯುಎ 16+ ಎಂದು ಬರೆದಿರುವ ಚಿತ್ರಕ್ಕೆ ಐದು ವರ್ಷದ ಮಗನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ, ಅವನು ಹೆದರಿ ಅತ್ತರೆ ‘ಏಯ್, ಸುಮ್ನೆ ನೋಡೋ’ ಎಂದು ಗದರಬೇಡ. ತಪ್ಪು ಅವನದಲ್ಲ.

ಆ ಪತ್ರ ಎಲ್ಲವನ್ನೂ ಹೇಳುವುದಿಲ್ಲ ಎನ್ನುವುದೂ ನೆನಪಿರಲಿ. ರಕ್ತ, ಬೈಗುಳ, ಕುಡಿತ ಇವನ್ನೆಲ್ಲ ಅಳೆಯಬಹುದು, ಒಂದು ಮಗುವಿನ ಎದೆ ಎಲ್ಲಿ ಒಡೆಯುತ್ತದೆ ಎಂದು ಯಾವ ಮಂಡಳಿ ಅಳೆದೀತು? ‘777 ಚಾರ್ಲಿ’ಯಲ್ಲಿ ಹೊಡೆದಾಟಕ್ಕೆ ಹೆದರುವಂಥದ್ದು ಏನೂ ಇಲ್ಲ. ಆದರೆ ಆ ನಾಯಿಗೆ ಕಾಯಿಲೆ ಎಂದು ತಿಳಿದ ಮೇಲೆ ಎಷ್ಟು ಮನೆಗಳ ಮಕ್ಕಳು ರಾತ್ರಿ ಊಟ ಬಿಟ್ಟಿದ್ದಾರೋ. ಅಳಲಿ, ಅದು ಕೆಟ್ಟದ್ದಲ್ಲ. ಕಿರಣ್‌ರಾಜ್ ಅದನ್ನು ಪ್ರೀತಿಯಿಂದ ತೆಗೆದಿದ್ದಾರೆ, ರಕ್ಷಿತ್ ಶೆಟ್ಟಿ ಮತ್ತು ಆ ನಾಯಿಯ ಒಡನಾಟದಲ್ಲಿ ಒಂದು ಕಡೆಯೂ ಸುಳ್ಳಿಲ್ಲ. ಆದರೆ ಮನೆಯ ನಾಯಿ ಸತ್ತು ಒಂದು ವಾರವಾಗಿರುವ ಮಗುವನ್ನು ಅದಕ್ಕೆ ಕರೆದೊಯ್ಯಬಾರದು. ಇಂಥದ್ದು ತಿಳಿಯಬೇಕಾದರೆ ನೋಡಿ ಬಂದವರನ್ನು ‘ಹೇಗಿದೆ?’ ಎಂದು ಕೇಳಬೇಡ, ‘ಸೂಪರ್’ ಎಂದು ಬಿಡುತ್ತಾರೆ. ‘ನಿಮ್ಮ ಮಗು ಎಲ್ಲಿ ಕಣ್ಣು ಮುಚ್ಚಿಕೊಂಡಿತು?’ ಎಂದು ಕೇಳು. ಸದ್ದಿನ ವಿಷಯವನ್ನೂ ಸೇರಿಸಿಕೋ. ಈಗಿನ ಹೊಡೆದಾಟದ ಚಿತ್ರಗಳ ಸದ್ದು ನನ್ನಂಥವಳ ಎದೆಯನ್ನೇ ನಡುಗಿಸುತ್ತದೆ. ಚಿಕ್ಕವರಿದ್ದರೆ ಗೋಡೆಯ ಸ್ಪೀಕರಿನ ಪಕ್ಕದ ಸೀಟು ಬೇಡ, ಮಧ್ಯದ ಸಾಲಿನ ಮಧ್ಯದಲ್ಲಿ ತೆಗೆದುಕೋ.

ಹಾಗೆಂದು ನಾನು ಹೊಡೆದಾಟದ ಚಿತ್ರಗಳ ವೈರಿ ಅಲ್ಲ ಕಣೋ. ನನಗೆ ಅವು ತುಂಬ ಇಷ್ಟ. ನಮ್ಮ ಕಾಲದಲ್ಲಿ ರಾಜಕುಮಾರ್‌ರ ಸಿಐಡಿ 999 ಚಿತ್ರಗಳಿದ್ದವು. ‘ಜೇಡರ ಬಲೆ’, ‘ಗೋವಾದಲ್ಲಿ ಸಿಐಡಿ 999’ ಎರಡೂ 1968ರವು, ದೊರೆ–ಭಗವಾನ್ ಜೋಡಿಯವು. ನಿಮ್ಮಮ್ಮನೂ ನಾನೂ ಅವನ್ನು ಎಷ್ಟು ಉಸಿರು ಬಿಗಿಹಿಡಿದು ನೋಡಿದ್ದೇವೆ! ಆಮೇಲೆ ‘ನಾಗರಹೊಳೆ’ ಬಂತು, 1977ರಲ್ಲಿ. ‘ಸಿಂಹದ ಮರಿ ಸೈನ್ಯ’ 1981ರಲ್ಲಿ. ಎರಡೂ ರಾಜೇಂದ್ರಸಿಂಗ್ ಬಾಬು ಅವರವು, ಎರಡರಲ್ಲೂ ಸಾಹಸಕ್ಕೆ ಹೊರಟವರು ಮಕ್ಕಳು. ಸಾಹಸದ ಚಿತ್ರವೂ ಮಕ್ಕಳ ಚಿತ್ರವೂ ಒಂದೇ ಆಗಬಲ್ಲದು ಎಂದು ಅಂದೇ ಮಾಡಿ ತೋರಿಸಿದ್ದರು. ಈಗ ಆ ದಾರಿಯನ್ನು ಯಾಕೆ ಬಿಟ್ಟರೋ.

ಹೊಡೆದಾಟ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಸಿನಿಮಾ ಕಲಿತಿರಬೇಕಾಗಿಲ್ಲ. ನಾನು ನೋಡುವುದು ಎರಡನ್ನೇ. ಒಂದು, ಯಾರು ಎಲ್ಲಿ ನಿಂತಿದ್ದಾರೆ, ಏಟು ಎಲ್ಲಿಂದ ಬಂತು ಎನ್ನುವುದು ಕಣ್ಣಿಗೆ ಕಾಣುತ್ತದೆಯೇ? ಜಾಕಿ ಚಾನ್ ಚಿತ್ರಗಳಲ್ಲಿ ಕ್ಯಾಮೆರಾ ಸ್ವಲ್ಪ ದೂರ ನಿಂತು ತಲೆಯಿಂದ ಕಾಲಿನವರೆಗೆ ತೋರಿಸುತ್ತದೆ. ಅವರು ನಿಜವಾಗಿಯೂ ಹಾರಿದರು, ಬಿದ್ದರು ಎಂದು ಐದು ವರ್ಷದ ಮಗುವಿಗೂ ಗೊತ್ತಾಗುತ್ತದೆ. 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ನೋಡು, ಮಕ್ಕಳು ಮಲಗಿದ ಮೇಲೆ. ಅದು ಅವರಿಗಲ್ಲ. ನಮೀಬಿಯಾದ ಮರಳುಗಾಡಿನಲ್ಲಿ ನಿಜವಾದ ಗಾಡಿಗಳನ್ನೇ ಓಡಿಸಿ, ಗುದ್ದಿಸಿ ತೆಗೆದದ್ದು. ದೃಶ್ಯಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುತ್ತವೆ, ಆದರೂ ಎಲ್ಲೂ ಗೊಂದಲವಿಲ್ಲ. ನಿರ್ದೇಶಕ ಜಾರ್ಜ್ ಮಿಲ್ಲರ್ ನಾವು ನೋಡಬೇಕಾದ್ದನ್ನು ಸದಾ ಚೌಕಟ್ಟಿನ ನಡುವೆಯೇ ಇಟ್ಟಿದ್ದಾರೆ, ಕಣ್ಣು ಹುಡುಕಾಡುವ ಪ್ರಮೇಯವೇ ಬರುವುದಿಲ್ಲ. ಸಂಕಲನ ಮಾಡಿದವರು ಅವರ ಹೆಂಡತಿ ಮಾರ್ಗರೆಟ್ ಸಿಕ್ಸೆಲ್, ಅದಕ್ಕೇ ಆಸ್ಕರ್ ಬಂತು. ಇದನ್ನು ಒಮ್ಮೆ ಗಮನಿಸಿದರೆ, ಬೇರೆ ಎಷ್ಟೋ ಚಿತ್ರಗಳಲ್ಲಿ ಧೂಳು, ಕತ್ತಲೆ, ಅಲುಗಾಡುವ ಕ್ಯಾಮೆರಾಗಳ ಮರೆಯಲ್ಲಿ ಏನೂ ನಡೆಯುತ್ತಿಲ್ಲ ಎಂದು ನಿನಗೇ ಹೊಳೆಯುತ್ತದೆ.

ಎರಡನೆಯದು, ಇವನು ಹೊಡೆಯುವುದು ಏತಕ್ಕೆ? ‘ಕೆಜಿಎಫ್’ನಲ್ಲಿ ನನಗೆ ಹಿಡಿಸಿದ್ದು ಬಂದೂಕಲ್ಲ. ಬಡತನದಲ್ಲಿ ಸಾಯುವ ತಾಯಿಗೆ ನಾಯಕ ರಾಕಿ ಹುಡುಗನಾಗಿದ್ದಾಗ ಕೊಟ್ಟ ಮಾತು. ಅದು ಬೆನ್ನಿಗಿರುವ ತನಕ ರಾಕಿಯ ಏಟಿಗೆ ತೂಕ ಇದೆ. ಎರಡನೆಯ ಭಾಗದಲ್ಲಿ ಒಂದು ದೊಡ್ಡ ಮೆಷಿನ್ ಗನ್ನಿಗೆ ‘ದೊಡ್ಡಮ್ಮ’ ಎಂದು ಹೆಸರಿಟ್ಟಿದ್ದಾರೆ. ರಾಕಿ ಅದನ್ನು ಪೊಲೀಸ್ ಠಾಣೆಯ ಮೇಲೆ ತಿರುಗಿಸಿದಾಗ ಥಿಯೇಟರ್ ಪೂರ್ತಿ ಶಿಳ್ಳೆ. ನಿನ್ನ ಮಗಳು ನನ್ನ ಕಡೆ ತಿರುಗಿ ನಕ್ಕಳು, ನಾನೂ ನಕ್ಕೆ. ಆದರೆ ಅಲ್ಲಿ ನನಗೆ ತಾಯಿಯ ಮಾತು ಮರೆತೇ ಹೋಗಿತ್ತು, ಬರೀ ಸದ್ದು ಉಳಿದಿತ್ತು. ಎರಡನೆಯ ಭಾಗಕ್ಕಿಂತ ಮೊದಲನೆಯದೇ ಮೇಲು ಎನ್ನುವುದು ನನ್ನ ಅಭಿಪ್ರಾಯ, ಗಳಿಕೆ ಏನೇ ಹೇಳಲಿ. ‘ಕಾಂತಾರ’ದ ಕೊನೆಯ ಹೊಡೆದಾಟ ಅಷ್ಟು ಗಟ್ಟಿಯಾಗಿ ನಿಲ್ಲುವುದಕ್ಕೆ ಕಾರಣವೂ ಇದೇ. ಊರಿನವರ ಭೂಮಿ, ಅವರ ದೈವ, ತಲೆಮಾರಿನ ಮೋಸ ಎಲ್ಲ ಸೇರಿ ಅಲ್ಲಿಗೆ ಬಂದು ಮುಟ್ಟಿರುತ್ತದೆ. ನಿನ್ನ ಅಭಿಪ್ರಾಯ ಬೇರೆ ಇರಬಹುದು. ಇರಲಿ, ಅದನ್ನೇ ನಾನು ಕೇಳಬೇಕೆಂದಿರುವುದು.

ಮಕ್ಕಳಿಗೆ ಇನ್ನೊಂದು ಮಾತನ್ನು ನೀನೇ ಕೂರಿಸಿಕೊಂಡು ಹೇಳಬೇಕು. ಆ ಏಟುಗಳ ಹಿಂದೆ ಸ್ಟಂಟ್ ಕೆಲಸದವರಿದ್ದಾರೆ. 2016ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಒಂದು ಕನ್ನಡ ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಇಬ್ಬರು ನಟರು ಮೇಲೆ ಬರಲೇ ಇಲ್ಲ. ನೋಡುವವರ ಒಂದು ಕ್ಷಣದ ರೋಮಾಂಚನಕ್ಕಾಗಿ ಎರಡು ಮನೆಗಳು ಬರಿದಾದವು. ರಾಷ್ಟ್ರಪ್ರಶಸ್ತಿಯಲ್ಲಿ ಸಾಹಸ ನಿರ್ದೇಶನಕ್ಕೆ ಒಂದು ಬಹುಮಾನ ಕೊಡಲು ಶುರುಮಾಡಿದ್ದೂ ಆ ವರ್ಷದ ಚಿತ್ರಗಳಿಂದಲೇ. ‘ಕೆಜಿಎಫ್’ನ ಎರಡೂ ಭಾಗಗಳಿಗೆ ಅದು ಸಿಕ್ಕಿದೆ. ಕೊನೆಯಲ್ಲಿ ಹೆಸರುಗಳು ಬರುವಾಗ ಎದ್ದು ಓಡದೆ, ಸಾಹಸ ಮಾಡಿಸಿದವರ ಹೆಸರನ್ನು ಮಗಳಿಂದ ಓದಿಸು. ಮನೆಗೆ ಹೋಗಿ ಸೋಫಾದಿಂದ ಹಾರುವ ಮುಂಚೆ ಅವಳು ಒಂದು ಸಲವಾದರೂ ಯೋಚಿಸುತ್ತಾಳೆ.

ಈಗ ಕುಟುಂಬದ ಸಿನಿಮಾ. ಹೊಡೆದಾಟವಿಲ್ಲದ್ದು, ಎಲ್ಲರೂ ಅಳುವಂಥದ್ದು, ಕೊನೆಗೆ ಒಂದು ಗ್ರೂಪ್ ಫೋಟೋ ಎಂದೆಲ್ಲ ಜಾಹೀರಾತಿನವರು ಅದಕ್ಕೊಂದು ಅಚ್ಚು ಮಾಡಿಟ್ಟಿದ್ದಾರೆ. ಮೂರು ತಲೆಮಾರು ಒಂದೇ ಸಾಲಿನಲ್ಲಿ ಕೂತಾಗ ಮೂವರಿಗೂ ಅವರವರ ಪಾಲು ಸಿಗಬೇಕು, ಯಾರೂ ಇನ್ನೊಬ್ಬರ ಸಲುವಾಗಿ ಸಹಿಸಿಕೊಂಡು ಕೂರಬಾರದು. ನನ್ನ ಪಾಲಿಗೆ ಕುಟುಂಬದ ಚಿತ್ರ ಎಂದರೆ ಅಷ್ಟೇ. ‘ಬಂಗಾರದ ಮನುಷ್ಯ’ 1972ರ ಮಾರ್ಚ್ ಕೊನೆಗೆ ಬಂದದ್ದು, ಬೇಸಿಗೆಯ ಬಾಗಿಲಲ್ಲೇ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಬೇಸಾಯ ಮಾಡುವವರಿಗೆ ಅದು ಬೇಸಾಯದ ಚಿತ್ರ, ವಿಧವೆ ಅಕ್ಕನ ಮನೆಯ ಭಾರ ಹೊತ್ತವರಿಗೆ ಅಕ್ಕನ ಚಿತ್ರ, ಮಕ್ಕಳಿಗೆ ಹಾಡಿನ ಚಿತ್ರ. ಕೊನೆಗೆ ನಾಯಕ ಮನೆ ಬಿಟ್ಟು ಹೊರಟೇ ಹೋಗುತ್ತಾನೆ, ಗ್ರೂಪ್ ಫೋಟೋ ಇಲ್ಲ. ಆದರೂ ಮನೆಮಂದಿಯೆಲ್ಲ ಮತ್ತೆ ಮತ್ತೆ ಹೋದರು.

ನಲವತ್ತೈದು ವರ್ಷದ ಮೇಲೆ, 2017ರ ಮಾರ್ಚಿನಲ್ಲೇ ‘ರಾಜಕುಮಾರ’ ಬಂತು. ವೃದ್ಧಾಶ್ರಮದ ಹಿರಿಯರನ್ನು ನಡುವಿಟ್ಟುಕೊಂಡ ಕಥೆ. ಅದರಲ್ಲಿ ಹೊಡೆದಾಟವೂ ಇದೆ, ಕುಣಿತವೂ ಇದೆ. ಕೆಲವು ಕಡೆ ನಮ್ಮ ಕಣ್ಣೀರನ್ನು ಬಲವಂತವಾಗಿ ಕೇಳುತ್ತಾರೆ ಎಂದು ಅನ್ನಿಸಿದ್ದು ನಿಜ. ಆದರೆ ಪುನೀತ್ ಆ ವಯಸ್ಸಾದವರ ಪಕ್ಕ ನಿಂತ ರೀತಿಯಲ್ಲಿ ನಟನೆ ಕಾಣಲಿಲ್ಲ, ಸೌಜನ್ಯ ಕಾಣಿಸಿತು. ನನ್ನ ವಯಸ್ಸಿನವರನ್ನು ಅಷ್ಟು ಆದರದಿಂದ ಪರದೆಯ ನಡುವೆ ಕೂರಿಸುವ ಚಿತ್ರಗಳು ಎಷ್ಟಿವೆ ಹೇಳು. ಅದೇ ಪುನೀತ್ ಹುಡುಗನಾಗಿದ್ದಾಗ ಮಾಡಿದ ‘ಬೆಟ್ಟದ ಹೂವು’, 1985ರದು, ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ, ಇದನ್ನು ಮಕ್ಕಳಿಗೆ ಮನೆಯಲ್ಲೇ ತೋರಿಸು. ಬಡ ಹುಡುಗ ರಾಮು ಕಾಡಿನ ಹೂ ಮಾರಿ ದುಡ್ಡು ಕೂಡಿಡುತ್ತಾನೆ, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು. ಖಳನಾಯಕನೇ ಇಲ್ಲ. ಕೊನೆಗೆ ಆ ದುಡ್ಡು ಏತಕ್ಕೆ ಹೋಗುತ್ತದೆ ಎಂದು ನಾನು ಹೇಳುವುದಿಲ್ಲ, ಅವರೇ ನೋಡಲಿ. ಅಂಥ ಚಿತ್ರ ಇವತ್ತಿಗೂ ಕನ್ನಡದಲ್ಲಿ ಆಗೊಂದು ಈಗೊಂದು ಬರುತ್ತದೆ. ಪ್ರಶಸ್ತಿ ಸಿಗುತ್ತದೆ, ಥಿಯೇಟರ್ ಸಿಗುವುದಿಲ್ಲ. ಸಿಕ್ಕರೂ ಬೆಳಗಿನ ಒಂದೇ ಆಟ.

ದುಡ್ಡಿನ ಮಾತನ್ನೂ ಆಡಿಬಿಡುತ್ತೇನೆ. ಐವರು ಮಾಲ್‌ಗೆ ಹೋಗಿ ಬಂದರೆ ಒಂದು ವಾರದ ಮನೆ ಖರ್ಚು. 2025ರಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿತು, ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅದೆಲ್ಲ ಇತ್ಯರ್ಥವಾಗುವವರೆಗೆ ವಾರದ ದಿನಗಳ ಬೆಳಗಿನ ಆಟ ನೋಡು, ಹತ್ತಿರದಲ್ಲಿ ಹಳೆಯ ಒಂಟಿ ಪರದೆಯ ಚಿತ್ರಮಂದಿರ ಇದ್ದರೆ ಅಲ್ಲಿಗೇ ಹೋಗು. ಕಪಾಲಿಯಂಥದ್ದನ್ನೇ ಕಳೆದುಕೊಂಡಿದ್ದೇವೆ, ಉಳಿದಿರುವವಕ್ಕೆ ನಾವು ಹೋಗದಿದ್ದರೆ ಇನ್ನಾರು ಹೋಗುತ್ತಾರೆ? ಹೊರಗಿನ ತಿಂಡಿ ಬೇಡ ಎನ್ನುವ ಅಧಿಕಾರ ಚಿತ್ರಮಂದಿರದವರಿಗೆ ಇದೆ. ಆದರೆ ಕುಡಿಯುವ ನೀರನ್ನು ಪುಕ್ಕಟೆ ಕೊಡಲೇಬೇಕು, ಹಸುಗೂಸಿನ ಆಹಾರ ಒಯ್ಯಲು ಅಡ್ಡಿ ಮಾಡಬಾರದು ಎಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲೇ ಹೇಳಿದೆ. ಕೇಳಿ ಪಡೆದುಕೋ. ಹಾಗೇ ಹೀರೋ ಬರುವ ದೃಶ್ಯವನ್ನು ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕುವ ನಿನ್ನ ಅಭ್ಯಾಸವನ್ನು ಇವತ್ತೇ ಬಿಡು. 2023ರಲ್ಲಿ ತಿದ್ದಿದ ಕಾನೂನಿನ ಪ್ರಕಾರ ಥಿಯೇಟರಿನಲ್ಲಿ ಚಿತ್ರವನ್ನು ರೆಕಾರ್ಡ್ ಮಾಡುವುದು ಅಪರಾಧ. ಕಡಿಮೆಯೆಂದರೂ ಮೂರು ತಿಂಗಳ ಜೈಲು, ಮೂರು ಲಕ್ಷ ರೂಪಾಯಿ ದಂಡ.

ನೋಡಿ ಬಂದ ದಿನ ರಾತ್ರಿ ಊಟಕ್ಕೆ ಕೂತಾಗ ಮೊದಲು ಮಕ್ಕಳು ಮಾತಾಡಲಿ. ‘ಚೆನ್ನಾಗಿತ್ತಾ?’ ಎಂದು ಕೇಳಬೇಡ, ತಲೆಯಾಡಿಸಿ ಬಿಡುತ್ತವೆ. ಯಾರ ಮೇಲೆ ಸಿಟ್ಟು ಬಂತು, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳು. ಆಮೇಲೆ ನಿನ್ನ ಹೆಂಡತಿ, ನಿಮ್ಮಮ್ಮ. ನಿನ್ನದು ಕೊನೆಗೆ. ಬೇಜಾರಾಗಿದ್ದರೆ ಬೇಜಾರಾಯಿತು ಎನ್ನು, ಎಲ್ಲಿ ಬೇಜಾರಾಯಿತು ಎಂದೂ ಹೇಳು. ಊರೆಲ್ಲ ಹೊಗಳಿದ್ದು ನಿನಗೆ ಹಿಡಿಸದಿದ್ದರೆ ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ. ಹಿಡಿಸಿದ್ದನ್ನಂತೂ ಒಳಗೇ ಇಟ್ಟುಕೊಳ್ಳಬೇಡ, ನಾಲ್ಕು ಜನರಿಗೆ ಫೋನು ಮಾಡಿ ಹೇಳು. ಮೊದಲು ನನಗೆ ಮಾಡು.

ಈ ರಜೆಯಲ್ಲಿ ದೊಡ್ಡ ಚಿತ್ರಕ್ಕೆ ಖಂಡಿತ ಹೋಗಿ ಬನ್ನಿ. ಅದು ಹೇಗೂ ಮೂರು ವಾರ ಇರುತ್ತದೆ. ಅದೇ ವಾರ ಮಕ್ಕಳದೋ ಮನೆಮಂದಿಯದೋ ಒಂದು ಸಣ್ಣ ಕನ್ನಡ ಚಿತ್ರ ಬಂದಿದ್ದರೆ ಅದನ್ನು ಮೊದಲು ನೋಡು, ಶುಕ್ರವಾರ ಅಥವಾ ಶನಿವಾರವೇ. ಸೋಮವಾರ ಅದರ ಷೋ ಇರುವುದಿಲ್ಲ.